ಮಳೆ ಮೇಲೆ ತಪ್ಪು ಹಾಕ್ಬೇಡಿ, ಟೈಲ್ಸ್ ಕೂರ್ಸಿದ್ದೇ ಸರಿ ಇಲ್ಲ

ಚಿಕ್ಕಮಗಳೂರಲ್ಲಿ ಯಾವ ಟೈಲ್ಸ್ ಮೇಸ್ತ್ರಿನ ಕೇಳಿದ್ರೂ ಒಂದೇ ಉತ್ರ, "ಅಣ್ಣಾ ನಮ್ ಕಡೆ ಮಳೆ ಜಾಸ್ತಿ, ಹೊರಗಡೆ ಟೈಲ್ಸು ಇಷ್ಟೇ ಬಾಳಿಕೆ ಬರೋದು." ಕೇಳಿದ್ರೆ ಮೈ ಉರಿಯತ್ತೆ. ಮಳೆ ಏನು ಈ ವರ್ಷ ಹೊಸದಾಗಿ ಶುರುವಾಯ್ತಾ ಮಾರಾಯ್ರೆ? ಶೃಂಗೇರಿ ಕಡೆ ನಮ್ಮೂರಿಗಿಂತ ಎಷ್ಟೋ ಜಾಸ್ತಿ ಹೊಯ್ಯತ್ತೆ, ಅಲ್ಲಿ ನಮ್ಮ ನೆಂಟ್ರ ಮನೆ ಹೊರಗಿನ ಟೈಲ್ಸ್ ಒಂದೂ ಅಲ್ಲಾಡಿಲ್ಲ.

ನಮ್ದು ಸಿಟೌಟು, ತಾರಸಿ ಎರಡೂ ಕಾಲಿಟ್ರೆ ಡಬ ಡಬ ಅಂತವೆ, ತಾರಸಿಲಿ ಒಂದು ಸಾಲು ಪೂರ್ತಿ ಎದ್ದು ಗುಡಾರದ ಥರ ನಿಂತಿದೆ. ಎದ್ದಿದ್ದನ್ನ ತಿರುಗಿಸಿ ನೋಡಿದ್ರೆ ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಸಿಮೆಂಟು, ನಡುವೆ ಒಂದು, ಮಿಕ್ಕಿದ್ದೆಲ್ಲ ಖಾಲಿ! ಹೊರಗಡೆ ಕೂರ್ಸೋವಾಗ ಟೈಲ್ಸ್ ಹಿಂಭಾಗದ 95% ಜಾಗಕ್ಕಾದ್ರೂ ಅಂಟು ಹಿಡ್ಕೊಂಡಿರ್ಬೇಕು. ಇಲ್ಲಾಂದ್ರೆ ಜೂನಿಂದ ಸೆಪ್ಟೆಂಬರ್‌ವರೆಗೆ ನೀರು ಆ ಖಾಲಿ ಜಾಗದಲ್ಲೇ ಕೂತಿರತ್ತೆ, ಸಿಮೆಂಟಿಂದ ಉಪ್ಪು ಕರಗಿಸ್ಕೊಂಡು ಸಂದಿಲಿ ಬೆಳ್ಳಗೆ ಮೇಲೆ ಬರತ್ತೆ. ಅದಕ್ಕೆ ಅಂಗಡಿಯವ್ರು ಕೊಡೋ ಐಡಿಯಾ ಏನು ಗೊತ್ತಾ, ಆಸಿಡ್ ಹಾಕಿ ತೊಳೀರಿ ಅಂತ. ಆಸಿಡ್ಡು ಸಂದಿನ ಸಿಮೆಂಟನ್ನೇ ತಿಂದು ಇನ್ನಷ್ಟು ನೀರು ಇಳಿಯೋಕೆ ದಾರಿ ಮಾಡ್ಕೊಡತ್ತೆ ಅಷ್ಟೇ.

ವಿಟ್ರಿಫೈಡ್ ಟೈಲ್ಸ್ ನೀರು ಹೀರೋದು 0.5%ಗಿಂತ ಕಮ್ಮಿ. ಹೀರದೇ ಇರೋದಕ್ಕೆ ನೀರಲ್ಲಿ ಕಲಸಿದ ಸಿಮೆಂಟ್ ಹಾಲು ಹೆಂಗೆ ಕಚ್ಕೊಳತ್ತೆ? ಗಮ್ (ಟೈಲ್ಸ್ ಅಂಟಿಸೋಕೇ ಅಂತ ಬರೋ ಅಂಟು) ಬೇಕು, ಅದೂ ಬಿಸಿಲು ಮಳೆ ತಡೆಯೋ ಫ್ಲೆಕ್ಸಿಬಲ್ ಗಮ್ಮು, ಹಲ್ಲಿರೋ ಕರಣೆಲಿ ಪೂರ್ತಿ ಎಳೆದು ಕೂರ್ಸಬೇಕು, ಈ ಗಮ್ಮಿಗೆ ಐಎಸ್ 15477 ಅಂತ ಭಾರತದ ಸ್ಟ್ಯಾಂಡರ್ಡೇ ಇದೆ, ಆದ್ರೆ ಗಮ್ ಅಂದ ತಕ್ಷಣ ಮೇಸ್ತ್ರಿಗಳು "ಸುಮ್ನೆ ಖರ್ಚು ಸಾರ್, ನಾನಿಲ್ವಾ" ಅಂತಾರೆ.

ಅತೀ ಸಿಟ್ಟು ಬರೋದು ಸಂದಿನ ವಿಷ್ಯಕ್ಕೆ. ಟೈಲ್ಸ್ ನಡುವೆ ಸಂದಿ ಬಿಡೋಕೆ ಸ್ಪೇಸರ್ ಹಾಕಿ ಅಂದ್ರೆ ಲುಕ್ ಬರಲ್ಲ ಅಂತ ಒಂದಕ್ಕೊಂದು ತಾಗ್ಸಿ ಗೋಡೆವರೆಗೂ ಬಿಗಿದು ಕೂರ್ಸಿದಾರೆ. ಏಪ್ರಿಲ್ ಬಿಸಿಲಿಗೆ ಕಾದು ಹಿಗ್ಗೋವಾಗ ಅದು ಎಲ್ಲಿಗೆ ಹೋಗ್ಬೇಕು? ಮೇಲಕ್ಕೇ ಏಳತ್ತೆ. ಬಿಸಿಲು ಬೀಳೋ ಜಾಗದಲ್ಲಿ 8ರಿಂದ 12 ಅಡಿಗೊಂದು ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಬಿಟ್ಟು, ಅದಕ್ಕೆ ಸಿಮೆಂಟ್ ತುಂಬ್ದೆ ಮೆತ್ತಗಿರೋ ಸೀಲೆಂಟ್ ತುಂಬ್ಬೇಕು, ಗೋಡೆ ಅಂಚಲ್ಲೂ ಅಷ್ಟೇ. ನೆಂಟ್ರ ಮನೇಲಿ ಮಾಡ್ಸಿರೋದು ಇದನ್ನೇ. ಸ್ಲೋಪ್ ಅಂತೂ ಕೇಳ್ಲೇಬೇಡಿ, ಮಳೆ ನಿಂತು ಮಾರನೇ ದಿನಾನೂ ನೀರು ಬಾಗಿಲ ಹತ್ರಾನೇ ನಿಂತಿರತ್ತೆ, ಅದರ ಮೇಲೆ ಪಾಚಿ, ಅಮ್ಮ ಹೊರಗೆ ಕಾಲಿಡೋಕೇ ಹೆದರ್ತಾರೆ.

ಈಗ ಇದನ್ನ ಕೂರ್ಸಿದ ಮೇಸ್ತ್ರಿ ಇದರ ಮೇಲೇ ಇನ್ನೊಂದು ಟೈಲ್ಸ್ ಹಾಕಿ ಕೊಡ್ತೀನಿ ಅಂತಾನೆ. ಕೆಳಗಿಂದೇ ಹಿಡ್ಕೊಂಡಿಲ್ಲ, ಮೇಲಿಂದು ಯಾವುದನ್ನ ಹಿಡ್ಕೊಳತ್ತೆ? ಪೂರ್ತಿ ಒಡೆದು ಹೊಸದಾಗಿ ಮಾಡ್ಕೊಡಪ್ಪ ಅಂದ್ರೆ ಒಡೆಯೋ ಕೂಲಿ, ಕಸ ಸಾಗ್ಸೋ ಟ್ರ್ಯಾಕ್ಟರ್ ಬಾಡಿಗೆ, ಹೊಸ ಟೈಲ್ಸು ಎಲ್ಲಾ ನಮ್ಮ ತಲೆ ಮೇಲೆ. ಅವನು ಒಂದು ರೂಪಾಯಿ ಬಿಚ್ಚಲ್ವಂತೆ, ಮಳೆಗಾಲ ಮುಗಿದ್ಮೇಲೆ ಫೋನ್ ಮಾಡ್ಬೇಕಂತೆ.