ಕೈ ತಾಗಿ ಹೋದ ಕರೆ

ಹೋದ ಬೇಸಿಗೆಯಲ್ಲಿ ಚಿತ್ರದುರ್ಗದಿಂದ ದಾವಣಗೆರೆಗೆ ಬಸ್ಸಿನಲ್ಲಿ ಹೋಗುತ್ತಿದ್ದಾಗ, ಬೀಗರ ಮನೆಯ ಮದುವೆಯೂಟದ ಕುರಿತು ನನ್ನ ಅಭಿಪ್ರಾಯವನ್ನು ಹೆಂಡತಿಗೆ ವಿಸ್ತಾರವಾಗಿ ತಿಳಿಸುತ್ತಿದ್ದೆ. ಹೋಳಿಗೆ ತಣ್ಣಗಿತ್ತು, ತುಪ್ಪವನ್ನು ಬಡಿಸಲಿಲ್ಲ, ತೋರಿಸಿಕೊಂಡು ಹೋದರು ಎಂಬುದು ಅದರ ಸಾರಾಂಶ. ಭರಮಸಾಗರ ದಾಟಿದ ಮೇಲೆ ನನ್ನ ಅಂಗಿಯ ಜೇಬಿನೊಳಗೆ ಯಾರೋ ಕೆಮ್ಮಿದಂತಾಯಿತು. ತೆಗೆದು ನೋಡಿದರೆ, ಆ ಬೀಗರಿಗೇ ಕರೆ ಹೋಗಿ ಹನ್ನೊಂದು ನಿಮಿಷವಾಗಿತ್ತು. ‘ಕೈ ತಾಗಿ ಹೋಗಿತ್ತು’ ಎಂದೆ. ‘ಇರಲಿ ಬಿಡ್ರಿ’ ಎಂದರು. ಆ ‘ಬಿಡ್ರಿ’ಯಲ್ಲಿ ಬಿಡುವ ಲಕ್ಷಣವೇನೂ ಕಾಣಲಿಲ್ಲ.

ನಿಜ ಹೇಳಬೇಕೆಂದರೆ ಕೈ ತಾಗಿರಲಿಲ್ಲ, ಎದೆ ತಾಗಿತ್ತು. ಈಗಿನ ಫೋನಿನ ಗಾಜಿಗೆ ಒತ್ತುವ ಬಲ ಬೇಕಿಲ್ಲ. ಗಾಜಿನಡಿಯ ವಿದ್ಯುತ್ ಕ್ಷೇತ್ರವನ್ನು ಮೈಯಂಥ ವಾಹಕವೊಂದು ಕದಡಿದರೆ ಅದನ್ನೇ ಅದು ಬೆರಳೆಂದು ತಿಳಿಯುತ್ತದೆ. ಒಣ ಬಟ್ಟೆ ನಡುವೆ ಇದ್ದರೆ ಸಾಮಾನ್ಯವಾಗಿ ಮೋಸಹೋಗುವುದಿಲ್ಲ. ಆದರೆ ಏಪ್ರಿಲ್ ತಿಂಗಳ ನಮ್ಮ ಸೀಮೆಯ ಬಿಸಿಲಿನಲ್ಲಿ, ಬೆವರಿನಿಂದ ತೊಯ್ದ ತೆಳು ಜೇಬಿನೊಳಗೆ, ಬೀಗ ಹಾಕದ ಪರದೆಯನ್ನು ಎದೆಯ ಕಡೆಗೆ ತಿರುಗಿಸಿ ಇಟ್ಟುಕೊಂಡವನನ್ನು ಯಾವ ಗಾಜು ತಾನೇ ಕಾಪಾಡೀತು?

ಬೆರಳು ಹಾಕಿ ತಿರುಗಿಸುವ ಹಳೆಯ ಫೋನಿಗೆ ಈ ರೋಗವಿರಲಿಲ್ಲ. ಒಂದೊಂದು ಅಂಕಿಗೂ ತಟ್ಟೆ ತಿರುಗಿ, ಮತ್ತೆ ತನ್ನ ಜಾಗಕ್ಕೆ ಬರುವವರೆಗೆ ಕಾಯಬೇಕಾಗಿದ್ದುದರಿಂದ, ತಪ್ಪು ನಂಬರಿಗೆ ಕರೆ ಹೋಗುವುದು ಸಾಧ್ಯವಿತ್ತೇ ಹೊರತು ಗೊತ್ತಿಲ್ಲದೆ ಕರೆ ಹೋಗುವುದು ಸಾಧ್ಯವಿರಲಿಲ್ಲ. ಕೆಲವು ಮನೆಗಳಲ್ಲಿ ಆ ತಟ್ಟೆಗೊಂದು ಪುಟ್ಟ ಬೀಗವನ್ನೂ ಜಡಿಯುತ್ತಿದ್ದರು. ಆದರೆ ಅದು ಕೈ ತಾಗದಿರಲೆಂದಲ್ಲ, ಪಕ್ಕದ ಮನೆಯವರ ಕೈ ತಾಗದಿರಲೆಂದು. ಗುಂಡಿಗಳ ಮೊಬೈಲು ಜೇಬಿಗೆ ಇಳಿದ ಮೇಲೆಯೇ ನಿಜವಾದ ತೊಂದರೆ ಶುರುವಾದದ್ದು. ನೋಕಿಯಾ ಅದಕ್ಕೆ ಕೊಟ್ಟ ಉತ್ತರ ಸರಳವಾಗಿತ್ತು: ಮೊದಲು ಎಡ ಗುಂಡಿ, ಆಮೇಲೆ ನಕ್ಷತ್ರದ ಗುಂಡಿ. ಜೇಬಿನ ಬೀಗದ ಕೈ ಒಂದು ಗುಂಡಿಯನ್ನು ಒತ್ತೀತು. ಆದರೆ ಎರಡನ್ನು ಸರಿಯಾದ ಕ್ರಮದಲ್ಲಿ ಒಂದರ ಹಿಂದೊಂದು ಒತ್ತುವಷ್ಟು ಬುದ್ಧಿ ಅದಕ್ಕೆಲ್ಲಿಂದ ಬರಬೇಕು?

2007ರಲ್ಲಿ ಬಂದ ಐಫೋನಿನಲ್ಲಿ ಗುಂಡಿಗಳೇ ಇಲ್ಲವೆನ್ನುವಷ್ಟು ಕಡಿಮೆಯಿದ್ದವು. ಹಾಗಾಗಿ ಅದರಲ್ಲಿ ಬೆರಳನ್ನು ಒಂದು ಗೆರೆಯ ಮೇಲೆ ಎಡದಿಂದ ಬಲಕ್ಕೆ ಜಾರಿಸಿದರೆ ಮಾತ್ರ ಪರದೆ ತೆರೆಯುವಂತೆ ಮಾಡಿದರು. ಇದನ್ನು ಯೋಚಿಸುವಾಗಲೆಲ್ಲ ನನಗೆ ನಮ್ಮೂರಿನ ಏಳು ಸುತ್ತಿನ ಕೋಟೆ ನೆನಪಾಗುತ್ತದೆ. ಅಲ್ಲಿ ಒಂದು ಬಾಗಿಲು ದಾಟಿದರೆ ಇನ್ನೊಂದು ಎದುರಿಗೆ ಸಿಗುವುದಿಲ್ಲ. ದಾರಿ ಬಳುಕುತ್ತದೆ, ತಿರುಗುತ್ತದೆ. ಆನೆ ಓಡಿಬಂದು ಬಾಗಿಲಿಗೆ ಗುದ್ದದಿರಲೆಂದು ಹೀಗೆ ಮಾಡಿದ್ದಾರೆಂದು ಕೋಟೆ ತೋರಿಸುವವರು ಹೇಳುತ್ತಾರೆ. ಬರುವವನು ಬರಲಿ, ಆದರೆ ದಾರಿ ನೋಡಿಕೊಂಡು ಬರಲಿ. ಬೀಗ ಹಾಕಿದ ಐಫೋನಿಗೆ ಕರೆ ಬಂದಾಗ ಜಾರಿಸಿ ಉತ್ತರಿಸಬೇಕು, ತೆರೆದಿದ್ದಾಗ ಬಂದರೆ ಗುಂಡಿ ತಟ್ಟಿದರೆ ಸಾಕು ಎಂಬ ಭೇದದಲ್ಲಿಯೂ ಇದೇ ಜಾಣತನವಿದೆ: ಮೊದಲನೆಯದು ಬಹುಶಃ ಜೇಬಿನಲ್ಲಿದೆ, ಎರಡನೆಯದು ಕಣ್ಣೆದುರಿಗಿದೆ.

ಇನ್ನೂ ಸೂಕ್ಷ್ಮವಾದೊಂದು ಉಪಕಾರವನ್ನು ನಾವು ಯಾರೂ ಗಮನಿಸುವುದೇ ಇಲ್ಲ. ಪರದೆಯ ಮೇಲಿನ ಗುಂಡಿ ಸಾಮಾನ್ಯವಾಗಿ ಬೆರಳು ಇಟ್ಟಾಗ ಕೆಲಸ ಮಾಡುವುದಿಲ್ಲ, ಎತ್ತಿದಾಗ ಮಾಡುತ್ತದೆ. ತಪ್ಪು ಹೆಸರಿನ ಮೇಲೆ ಬೆರಳಿಟ್ಟವನು ಎತ್ತದೆ ಪಕ್ಕಕ್ಕೆ ಎಳೆದುಬಿಟ್ಟರೆ ಏನೂ ನಡೆದಿಲ್ಲವೆಂದೇ ಲೆಕ್ಕ. ಮಾತಿಗೂ ಇಂಥ ಸೌಕರ್ಯವಿದ್ದಿದ್ದರೆ ಹೋಳಿಗೆಯ ವಿಷಯದಲ್ಲಿ ನಾನು ಬದುಕಿಕೊಳ್ಳುತ್ತಿದ್ದೆ.

ಮಾತಾಡುವಾಗ ಕೆನ್ನೆ ತಾಗಿ ಇನ್ನೊಬ್ಬರಿಗೆ ಕರೆ ಹೋಗದಂತೆ ನೋಡಿಕೊಳ್ಳಲು, ಕಿವಿಯ ಹತ್ತಿರ ಒಂದು ಸಣ್ಣ ಸಂವೇದಕವಿರುತ್ತದೆ. ಅದು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಿಟ್ಟು, ಅದು ಕೆನ್ನೆಗೆ ತಾಗಿ ಹಿಂದಿರುಗಿದರೆ ಪರದೆಯನ್ನು ಆರಿಸಿ ಸ್ಪರ್ಶಕ್ಕೆ ಕಿವುಡಾಗುವಂತೆ ಮಾಡುತ್ತದೆ. ನಮ್ಮಲ್ಲಿ ಇದರ ಮೊದಲ ಶತ್ರು ಕೊಬ್ಬರಿ ಎಣ್ಣೆ, ಎರಡನೆಯದು ಅಡ್ಡಾದಿಡ್ಡಿ ಅಂಟಿಸಿದ ಟೆಂಪರ್ಡ್ ಗ್ಲಾಸ್. ಅದರ ಕಣ್ಣಿಗೆ ಇವು ಅಡ್ಡವಾದರೆ, ಫೋನನ್ನು ಕಿವಿಯಿಂದ ತೆಗೆದು ಎದುರಿಗೆ ಹಿಡಿದರೂ ಅದು ಇನ್ನೂ ಕೆನ್ನೆಯ ಧ್ಯಾನದಲ್ಲಿಯೇ ಇದ್ದು ಕಪ್ಪಾಗಿ ಕೂತಿರುತ್ತದೆ.

ಇಷ್ಟೆಲ್ಲ ಸುತ್ತು ಕಟ್ಟಿದ ಮೇಲೂ ಕೋಟೆಗೊಂದು ಕಿಂಡಿ ಇರಲೇಬೇಕಲ್ಲ. ಬೀಗದ ಪರದೆಯ ಮೇಲಿರುವ ‘ತುರ್ತು ಕರೆ’ ಅಂಥದು: ಬೀಗ ತೆಗೆಯದೆಯೇ 112ಕ್ಕೆ ಕರೆ ಹೋಗಬೇಕು, ಏಕೆಂದರೆ ಆಪತ್ತಿನಲ್ಲಿರುವವನಿಗೆ ಗುಪ್ತ ಸಂಖ್ಯೆಯನ್ನು ನೆನಪಿಸಿಕೊಳ್ಳುವ ವ್ಯವಧಾನವಿರುವುದಿಲ್ಲ. 2017ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಮೊಬೈಲುಗಳಲ್ಲೆಲ್ಲ ಆಪತ್ತಿನ ಗುಂಡಿ ಇರಬೇಕೆಂದು ನಿಯಮವಾಯಿತು; ಸಾದಾ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗಬೇಗನೆ ಮೂರು ಬಾರಿ ಒತ್ತುವುದು. ಆದರೆ ಆಪತ್ತಿನಲ್ಲಿರುವವನಿಗೆ ಸುಲಭವಾದದ್ದು ಜೇಬಿಗೂ ಸುಲಭವೇ. ಆಂಡ್ರಾಯ್ಡ್‌ನಲ್ಲಿ ಪವರ್ ಗುಂಡಿಯನ್ನು ಐದು ಬಾರಿ ಒತ್ತಿದರೆ ತುರ್ತು ಕರೆ ಹೋಗುವ ಸೌಲಭ್ಯ ಹರಡಿದ ಮೇಲೆ, 2023ರಲ್ಲಿ ಬ್ರಿಟನ್ನಿನ ಪೊಲೀಸರು ಜೇಬುಗಳಿಂದ ಬರುವ ಮೌನ ಕರೆಗಳ ಕಾಟ ತಡೆಯಲಾಗದೆ ಜನರಲ್ಲಿ ವಿನಂತಿಸಿಕೊಳ್ಳಬೇಕಾಯಿತು. ಇಂಥದ್ದನ್ನು ತಡೆಯಲೆಂದೇ ಆ ಸೌಲಭ್ಯದಲ್ಲಿ ಕರೆ ಹೊರಡುವ ಮುನ್ನ ಕೆಲವು ಕ್ಷಣಗಳ ಎಣಿಕೆಯಿರುತ್ತದೆ, ಬೇಕೆಂದರೆ ಎಚ್ಚರಿಕೆಯ ಸದ್ದೂ ಇರುತ್ತದೆ. ಅಷ್ಟರಲ್ಲಿ ರದ್ದು ಮಾಡಬಹುದು. ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಓಬವ್ವನಿಗೂ ಒಳನುಗ್ಗುವವರನ್ನು ಒಬ್ಬೊಬ್ಬರನ್ನಾಗಿ ಎದುರಿಸಲು ಅಷ್ಟೇ ಪುಟ್ಟ ಬಿಡುವು ಸಿಕ್ಕಿದ್ದು.

ಈಗ ನನ್ನ ಫೋನಿನಲ್ಲಿ ಜೇಬಿನ ಸ್ಪರ್ಶವನ್ನು ತಡೆಯುವ ವ್ಯವಸ್ಥೆಯನ್ನು ಚಾಲೂ ಮಾಡಿದ್ದೇನೆ. ಪರದೆ ಹದಿನೈದು ಸೆಕೆಂಡಿಗೆ ತಾನೇ ಆರುತ್ತದೆ. ಫೋನು ಅಂಗಿಯಿಂದ ಪ್ಯಾಂಟಿಗೆ ವರ್ಗವಾಗಿದೆ. ಇಷ್ಟು ಬಂದೋಬಸ್ತು ಮಾಡಿಕೊಂಡು ನಿಶ್ಚಿಂತನಾಗಿದ್ದ ನನಗೆ ಮೊನ್ನೆ ಸಂಜೆ ಬೀಗರಿಂದ ಕರೆ ಬಂತು. ಹಲೋ ಎಂದರೆ ಉತ್ತರವಿಲ್ಲ. ಬಟ್ಟೆಯ ಸರಬರ ಸದ್ದು, ಎಲ್ಲೋ ಮಿರ್ಚಿ ಕರಿಯುವ ಚುರುಚುರು, ಆಮೇಲೆ ದೂರದಿಂದ ಅವರದೇ ದನಿಯಲ್ಲಿ ನನ್ನ ಹೆಸರು. ಕರೆ ಕತ್ತರಿಸುವ ಕೆಂಪು ಗುಂಡಿಗೆ ಮಾತ್ರ ಯಾವ ಸುತ್ತೂ ಇಲ್ಲ, ಜಾರಿಸುವುದಿಲ್ಲ, ಎಣಿಕೆಯಿಲ್ಲ. ಒಮ್ಮೆ ತಟ್ಟಿದರೆ ಮುಗಿಯಿತು. ಅದರ ಮೇಲೆ ಬೆರಳನ್ನು ಇಟ್ಟೆ. ಎತ್ತಲಿಲ್ಲ.