ಭತ್ಯೆ ಕೇಳದ ಅತಿಥಿ

ಬೆಳಗಾವಿಯಲ್ಲಿ ಹತ್ತು ದಿನ ನಿಲ್ಲಬೇಕೆಂದರೆ ನಮ್ಮ ಸರ್ಕಾರಕ್ಕೆ ಭಾರಿ ತಯಾರಿ ಬೇಕು. ಹೋಟೆಲ್ ರೂಮು, ಕಾರು, ಊಟ, ಬಂದೋಬಸ್ತು, ಮೇಲೆ ಭತ್ಯೆ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಸಾಹೇಬರು ಚಳಿಗಾಲದ ಅಧಿವೇಶನಕ್ಕೆ ಬರುತ್ತಾರೆ, ಶುಕ್ರವಾರ ಬಂತೆಂದರೆ ಊರಿನ ನೆನಪಾಗುತ್ತದೆ.

2022ರ ಆಗಸ್ಟ್ 5ಕ್ಕೆ ಬಂದ ಅತಿಥಿಗೆ ಇದ್ಯಾವುದೂ ಬೇಕಾಗಲಿಲ್ಲ. ಜಾಧವ ನಗರದಲ್ಲಿ ಒಬ್ಬ ಕಟ್ಟಡ ಕಾರ್ಮಿಕರನ್ನು ಗಾಯಗೊಳಿಸಿದ ಚಿರತೆ (ಇದು ನಗುವ ಮಾತಲ್ಲ) ಆಮೇಲೆ ಗಾಲ್ಫ್ ಮೈದಾನ ಸೇರಿಕೊಂಡಿತು. ಸುಮಾರು 250 ಎಕರೆ, ತುಂಬಾ ಪೊದೆ, ಮಳೆಗಾಲದ ಹಸಿರು. ಮೆಂಬರ್‌ಶಿಪ್ಪೂ ಇಲ್ಲದೆ ಒಳಗೆ ಹೋದದ್ದು ಅದೊಂದೇ ಇರಬೇಕು!

ಆಮೇಲೆ ನೋಡಬೇಕಿತ್ತು ಸಂಭ್ರಮ. ಬೋನು ಬಂತು, ಡ್ರೋನ್ ಬಂತು, ಜೆಸಿಬಿ ಬಂತು. ಶಿವಮೊಗ್ಗದ ಸಕ್ರೆಬೈಲಿನಿಂದ ಆನೆಗಳು ಲಾರಿ ಹತ್ತಿ ಬಂದವು. ಬೆಳಗಾವಿಯ ಜನ ಚಿರತೆ ಬಿಟ್ಟು ಆನೆ ನೋಡಲು ಹೊರಟರು. ಪೊಲೀಸರಿಗೆ ಈಗ ಎರಡು ಕೆಲಸ: ಚಿರತೆಯಿಂದ ಜನರನ್ನು ಕಾಯುವುದು, ಜನರಿಂದ ಕಾರ್ಯಾಚರಣೆಯನ್ನು ಕಾಯುವುದು. ಚಹಾ ಅಂಗಡಿಯಲ್ಲಿ ನಮಸ್ಕಾರದ ಬದಲು ಒಂದೇ ಮಾತು: ‘ಏನ್ರೀ, ಸಿಕ್ತೇನ್ರೀ?’ ಅತಿಥಿಯೇನೂ ಪೂರ್ತಿ ಅಡಗಿ ಕೂತಿರಲಿಲ್ಲ. ಹಾಡಹಗಲೇ ರಸ್ತೆ ದಾಟಿ ವಿಡಿಯೋಗೆ ದರ್ಶನ ಕೊಟ್ಟಿತು. ಬೋನಿಗೆ ಮಾತ್ರ ಕೊಡಲಿಲ್ಲ.

22 ಶಾಲೆಗಳಿಗೆ ವಾರಗಟ್ಟಲೆ ಬೀಗ. ಮಕ್ಕಳ ಪಾಲಿಗೆ ಚಿರತೆ ಸಾಕ್ಷಾತ್ ದೇವರು. ಏಟು ತಿಂದದ್ದು ಕೂಲಿಯವರು, ರಜೆ ಸಿಕ್ಕಿದ್ದು ಶಾಲೆಗೆ. ಕೂಲಿಯವರಿಗೆ ರಜೆ ಕೊಟ್ಟರೂ ಕಷ್ಟವೇ ಅನ್ನಿ, ಅವತ್ತಿನ ಪಗಾರ ಯಾರು ಕೊಡುತ್ತಾರೆ?

ಗಡಿ ಜಿಲ್ಲೆ ಅಲ್ವಾ, ನನಗೆ ಬೇರೆಯೇ ಭಯವಿತ್ತು. ಚಿರತೆ ಕರ್ನಾಟಕದ್ದೋ ಮಹಾರಾಷ್ಟ್ರದ್ದೋ ಎಂದು ಯಾರಾದರೂ ಕೇಳಿಬಿಟ್ಟರೆ? 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಗಡಿ ಕೇಸಿನ ಹಿಂದೆ ಇದೂ ಸಾಲು ನಿಲ್ಲುತ್ತಿತ್ತು. ತೀರ್ಪು ಬರುವಷ್ಟರಲ್ಲಿ ಅದರ ಮರಿಮಕ್ಕಳು ಗಾಲ್ಫ್ ಕಲಿತಿರುತ್ತಿದ್ದವು.

ಇಂಥ ಕಾಡು ಅತಿಥಿಗಳ ವಿಷಯದಲ್ಲಿ ಪರದೇಶದವರು ಜಾಣರು ಅನ್ನುವಂತಿಲ್ಲ. ನಮ್ಮ ತರಕರಡಿಯ ದೂರದ ನೆಂಟ, ಬಿಲ ತೋಡಿ ಬದುಕುವ ಬ್ಯಾಡ್ಜರ್ ಎಂಬ ಪ್ರಾಣಿ ರಾತ್ರಿ ಹಿತ್ತಲಿಗೆ ಬಂದರೆ ಬ್ರಿಟನ್ನಿನಲ್ಲಿ ಎಷ್ಟೋ ಜನ ಶೇಂಗಾ ಹಾಕಿ ಕಿಟಕಿಯಲ್ಲಿ ಕಾದು ಕೂರುತ್ತಾರೆ. ಅದರ ಬಿಲ ಮುಚ್ಚಬೇಕೆಂದರೆ ಸರ್ಕಾರದ ಲೈಸೆನ್ಸು ಬೇಕು, 1992ರ ಕಾನೂನು. ದನಗಳಿಗೆ ಕ್ಷಯ ಹರಡುತ್ತದೆಂದು ಇಂಗ್ಲೆಂಡಿನಲ್ಲಿ ಅದೇ ಬ್ಯಾಡ್ಜರನ್ನು ಸಾಮೂಹಿಕವಾಗಿ ಗುಂಡಿಟ್ಟು ಕೊಲ್ಲಲು 2013ರಿಂದ ಲೈಸೆನ್ಸು ಕೊಟ್ಟದ್ದೂ ಸರ್ಕಾರವೇ. ಬಿಲ ಕೆಡಿಸಲೂ ಅರ್ಜಿ, ಬ್ಯಾಡ್ಜರ್ ಕೊಲ್ಲಲೂ ಅರ್ಜಿ. 2023ರ ಮಾರ್ಚಿನಲ್ಲಿ ನೆದರ್‌ಲ್ಯಾಂಡ್ಸ್‌ನವರು ಹಳಿಯ ಕೆಳಗೆ ಬ್ಯಾಡ್ಜರ್ ಬಿಲ ತೋಡಿತೆಂದು ರೈಲನ್ನೇ ನಿಲ್ಲಿಸಿದರು. ನಮ್ಮಲ್ಲಾದರೆ ಬಿಲದ ಮೇಲೆ ಒಂದು ಕಮಿಟಿ ಕೂರುತ್ತಿತ್ತು, ರೈಲು ಹೇಗಿದ್ದರೂ ಲೇಟು.

ಕೊನೆಗೆ ಚಿರತೆ ಸಿಗಲೇ ಇಲ್ಲ. ಎಲ್ಲಿಗೆ ಹೋಯಿತೆಂದು ಹೇಳಿಯೂ ಹೋಗಲಿಲ್ಲ, ಬೀಳ್ಕೊಡುಗೆ ಸಮಾರಂಭವೂ ತಪ್ಪಿತು. ಆನೆಗಳು ಲಾರಿ ಹತ್ತಿದವು, ಶಾಲೆಯ ಗಂಟೆ ಬಾರಿಸಿತು. ಅಷ್ಟು ದಿನ ಪೊದೆ ಪೊದೆ ಜಾಲಾಡಿದರಲ್ಲ, ಕಳೆದುಹೋದ ಗಾಲ್ಫ್ ಚೆಂಡು ಎಷ್ಟು ಸಿಕ್ಕವು ಎಂಬ ಲೆಕ್ಕವನ್ನಾದರೂ ಕೊಡಬಹುದಿತ್ತು.