ಅಗ್ಗದ ಕ್ಯಾಮ್‌ಕಾರ್ಡರ್ ಮತ್ತು ಫಾರ್ಮ್ಯಾಟ್ ಆಯ್ಕೆ
ಮನೆಯ ವಿಡಿಯೊಗಾಗಿ ಕ್ಯಾಮ್‌ಕಾರ್ಡರ್ ಕೊಳ್ಳುವವರು ಮೊದಲು 4ಕೆ (ಎಚ್‌ಡಿಗಿಂತ ಹೆಚ್ಚು ಸೂಕ್ಷ್ಮವಾದ ಚಿತ್ರ) ಸೌಲಭ್ಯವನ್ನೇ ನೋಡಬೇಕೆಂದು ಲೇಖನವೊಂದು ನೀಡಿದ ಸಲಹೆಯನ್ನು ನಾನು ಒಪ್ಪಲಾರೆ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ಚಿತ್ರೀಕರಣವು ಗಂಟೆಗೆ ಸುಮಾರು 45 ಜಿಬಿ ಜಾಗ ಬೇಡಿದರೆ, 24 ಮೆಗಾಬಿಟ್‌ನ ಎವಿಸಿಎಚ್‌ಡಿಗೆ (ಎಚ್‌ಡಿ ವಿಡಿಯೊ ದಾಖಲಿಸುವ ಫಾರ್ಮ್ಯಾಟ್) 11 ಜಿಬಿ ಸಾಕು; ಮನೆಯ ಟಿವಿಗೆ ಆ ಗುಣಮಟ್ಟ ಧಾರಾಳವಾಗಿದೆ. ಆದರೆ 2006ರಲ್ಲಿ ಸೋನಿ ಮತ್ತು ಪ್ಯಾನಸಾನಿಕ್ ಪರಿಚಯಿಸಿದ ಈ ಫಾರ್ಮ್ಯಾಟ್‌ನಲ್ಲಿ ದೀರ್ಘ ದೃಶ್ಯವೊಂದು ಹಲವು ಫೈಲ್‌ಗಳಾಗಿ ಒಡೆದು ಬೇರೆಬೇರೆ ಫೋಲ್ಡರ್‌ಗಳ ಮಾಹಿತಿಯನ್ನು ಅವಲಂಬಿಸುವುದರಿಂದ, ಮೆಮೊರಿ ಕಾರ್ಡನ್ನು ಅಳಿಸುವ ಮೊದಲು ಇಡೀ ಫೋಲ್ಡರನ್ನೇ ನಕಲು ಮಾಡಿಕೊಳ್ಳುವುದು ಅತ್ಯಗತ್ಯ. ಈ ತೊಡಕು ಬೇಡವೆನ್ನುವವರಿಗೆ ಬೇರೆ ಫೋಲ್ಡರ್‌ಗಳನ್ನು ಅವಲಂಬಿಸದ ಎಂಪಿ4 ಫಾರ್ಮ್ಯಾಟ್ ಸುಲಭ. 4ಕೆಗೆ ತೆರುವ ಹಣವನ್ನು ದೊಡ್ಡ ಸೆನ್ಸರ್‌ಗೆ (ಬೆಳಕನ್ನು ಗ್ರಹಿಸಿ ಚಿತ್ರವಾಗಿಸುವ ಭಾಗ) ಮತ್ತು ಹೊರಗಿನ ಮೈಕ್ ಜೋಡಿಸುವ ಸೌಲಭ್ಯಕ್ಕೆ ತೊಡಗಿಸುವುದು ಮೇಲು, ಏಕೆಂದರೆ ಮನೆಯೊಳಗಿನ ಮಂದ ಬೆಳಕಿನಲ್ಲಿ ಚಿಕ್ಕ ಸೆನ್ಸರ್‌ನ ಚಿತ್ರ ಕಾಳುಕಾಳಾಗುತ್ತದೆ, ಹಿರಿಯರ ಮಾತು ಸ್ಪಷ್ಟವಾಗಿ ಕೇಳಿಸದಿದ್ದರೆ ಚಿತ್ರದ ಸೂಕ್ಷ್ಮತೆಯಿಂದ ಆ ನಷ್ಟ ತುಂಬುವುದಿಲ್ಲ.